ಪಂಚಮಿಗೆ ಕರೆಯಲು ಹೊರಟ ಜಪಾನಿ ಗಾಡಿ

ಝಳಕಿ
12 ಜೂನ್ 2025

ತಂಗಡಗಿ ಹುಲಿಗೆವ್ವಕ್ಕಗ ನಿನ್ನ ತಮ್ಮ ಧರೆಪ್ಪ ಕೈ ಮುಗದು, ಬಾಯಿ ಮುಚಗೊಂಡು ಬರೆಯೂದು.

ಬಾಯಿ ಯಾಕ ಮುಚ್ಚೇನಿ ಅಂದ್ರ, ನೀ ಮಾತ ಬಿಟ್ಟಿ. ಎರಡ ವರ್ಷದ ಹಿಂದ ಪಂಚಮಿಗೆ ಕರಿಯಾಕ ಬರೂದ ಬಿಟ್ಟು ನಾ ಫೋನಿನ್ಯಾಗ, "ಅಕ್ಕ, ಈಗ ಹೆಣ್ಮಕ್ಕಳಿಗೆ ಬಸ್ ಫ್ರೀ ಐತಿ, ಹತ್ತಿ ಬಂದಬಿಡು" ಅಂದೆ. ನಗಲಿ ಅಂತ ಅಂದಿದ್ನಿ. ನೀ ನಗಲಿಲ್ಲ. "ತವರುಮನಿ ಸರ್ಕಾರದ ಬಸ್ಸಿನ್ಯಾಗ ಕರಿತೈತೇನು? ಇನ್ನ ನಿನ್ನ ಜೋಡಿ ಮಾತಿಲ್ಲ. ನಿನ್ನ ಮನಿ ಹನಿ ನೀರೂ ಮುಟ್ಟೂದಿಲ್ಲ" ಅಂತ ಫೋನ್ ಇಟ್ಟಿ. ಆದ್ರ ಅಕ್ಕ, ಓದೂದಿಲ್ಲ ಅಂತ ನೀ ಆಣಿ ಮಾಡಿಲ್ಲ. ನಾಲ್ಕನೇತ್ತಾ ಕಲತವ ಇಂಥಾ ಸಂದಿ ಹುಡುಕ್ಯಾನ, ಪೂರಾ ಕಲತಿದ್ರ ವಕೀಲ ಆಗಿ ನಿನ್ನ ಮ್ಯಾಲ ಕೇಸ್ ಹಾಕಿರ್ತಿದ್ನಿ.

ಈಗ ಸುದ್ದಿ. ನಿನ್ನ ಮಗಳು ಪ್ರಜ್ಞಾಳ ಗಾಡಿ ನನ್ನ ಚಾದಂಗಡಿ ಮುಂದ ನಿಂತೈತಿ. ಜಪಾನದಿಂದ ಹಡಗಿನ್ಯಾಗ ಮುಂಬೈಕ, ಮುಂಬೈಲಿಂದ ಉದ್ದನ ಲಾರಿ ಮ್ಯಾಲ ಸೊಲ್ಲಾಪುರ ರಸ್ತೆ ಹಿಡದು ಇಲ್ಲಿಗಿ. ಲಾರಿಯವ, "ನಿಮ್ಮ ಒಳ ರಸ್ತೆದಾಗ ನನ್ನ ಲಾರಿ ಹೊಳ್ಳಂಗಿಲ್ಲ, ಹೈವೇ ಮ್ಯಾಲ ಇಳಿಸಿ ಹೋಗತೇನಿ" ಅಂದ. ಪ್ರಜ್ಞಾ ಇನ್ನೂ ಮುಂಬೈದಾಗ ಕಾಗದ ಹಿಡದು ಓಡ್ಯಾಡಾಕತ್ಯಾಳ. "ಮಾಮಾ, ನಾ ಬರೂತನ ನೆರಳಾಗ ಇಡ್ರಿ. ಅವ್ವಗ ಸುದ್ದಿ ನೀವ ಹೇಳ್ರಿ. ನಿಮ್ಮಿಬ್ಬರ ನಡುವ ಟಪಾಲಗಾರ್ತಿ ನಾ ಆಗೂದಿಲ್ಲ" ಅಂದ್ಳು. ಅದಕ್ಕ ಈ ಕಾಗದ.

ಅಕ್ಕ, ಆ ಗಾಡಿ ಹಲಿಗಿ ಮ್ಯಾಲಿಂದ ಇಳೀತು ನೋಡು, ಹಾಲಿನ ಮ್ಯಾಲ ಕೆನಿ ಜಾರಿದಂಗ. ಸಪ್ಪಳ ಇಲ್ಲ, ಹೊಗಿ ಇಲ್ಲ. "ಎಂಜಿನ್ ಚಾಲೂ ಮಾಡಪಾ" ಅಂದ್ನಿ. "ಚಾಲೂ ಐತ್ರಿ" ಅಂದ. ರಸ್ತೆ ಮ್ಯಾಲ ಮಲಗಿದ ನಾಯಿ ಬಾಜೂಕ ಹಾದು ಹೋತು, ನಾಯಿ ಕಿವಿ ಸೈತ ಎತ್ತಲಿಲ್ಲ. ನನ್ನ ಹೇಣ್ತಿ ಶೇವಂತಿ ಹೋಗಿ, ಬಸುರಿ ಸೊಸಿ ಹೊಟ್ಟಿಗೆ ಹಚ್ಚಿದಂಗ ಬಾನೆಟ್ಟಿಗೆ ಕಿವಿ ಹಚ್ಚಿದ್ಳು. "ಒಳಗ ಯಾರೂ ಇಲ್ಲ್ರಿ" ಅಂದ್ಳು.

ಅಷ್ಟರಾಗ ಒಳಗಿಂದ ಒಬ್ಬಾಕಿ ಜಪಾನ ಮಾತಿನ್ಯಾಗ ಏನೋ ಅಂದ್ಳು. ಯಾರೂ ಕಾಣೂದಿಲ್ಲ, ಬರೇ ದನಿ. ಮಂದಿ ಚಪ್ಲಿ ಬಿಟ್ಟು ನಿಂತ್ರು. "ಏನ ಅಂತಾಳೊ ಧರೆಪ್ಪಾ?" ಅಂದ್ರು. "ಚಾ ಕೇಳಾಕತ್ಯಾಳ, ಸಕ್ರಿ ಕಮ್ಮಿ" ಅಂದ್ನಿ. ನಕ್ಕರು. ಆದ್ರ ಅಕ್ಕ, ಖರೇ ಹೇಳಬೇಕಂದ್ರ ನಾನೂ ಚಪ್ಲಿ ಬಿಟ್ಟ ನಿಂತಿದ್ನಿ.

ಓದಿದ್ರ ಓದೇನಿ ಅಂತ ತಿಳಸು. ಮಾತಾಡಬ್ಯಾಡ.

ಧರೆಪ್ಪ

*

ತಂಗಡಗಿ
18 ಜೂನ್ 2025

ಝಳಕಿಯ ಧರೆಪ್ಪನವರಿಗೆ,

ನಿಮ್ಮ ಪತ್ರ ತಲುಪಿತು. ಓದುವುದಿಲ್ಲವೆಂದು ಆಣೆ ಮಾಡದಿದ್ದುದು ನನ್ನದೇ ತಪ್ಪು. ಇಡೀ ಆಯುಷ್ಯ ಅಂಗನವಾಡಿಯಲ್ಲಿ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನು. ನಿಮ್ಮ ಕಾಗುಣಿತ ನೋಡಿ ಕೈ ತುರಿಸಿತು. ಮನೆಯಲ್ಲಿ ಕೆಂಪು ಪೆನ್ನು ಇರಲಿಲ್ಲ, ನೀವು ಉಳಿದುಕೊಂಡಿರಿ.

ಆ ಗಾಡಿ ಜನ ನೆರೆಸಿ ಚಹಾ ಮಾರುವುದಕ್ಕೆ ಬಂದದ್ದಲ್ಲ. ಪ್ರಜ್ಞಾ ಜಪಾನಿನಲ್ಲಿ ವೃದ್ಧರ ಶುಶ್ರೂಷೆ ಮಾಡುತ್ತಿದ್ದಳು. ಬೆಳಗಾದರೆ ಇದೇ ಗಾಡಿಯಲ್ಲಿ ಮನೆಯಿಂದ ಮನೆಗೆ ಹೋಗಿ ಎದ್ದೇಳಲಾರದವರನ್ನು ಎಬ್ಬಿಸುವುದು, ತೊಳೆಯುವುದು, ಉಣಿಸುವುದು. ನಮ್ಮ ಕಡೆ ಹಾಗೆ ಮನೆ ಬಾಗಿಲಿಗೆ ಬರುವವರು ಯಾರಿದ್ದಾರೆ ಎಂದು ಬಿಟ್ಟು ಬಂದಿದ್ದಾಳೆ. ಗಾಡಿಯ ಬೆಲೆಗಿಂತ ಸುಂಕವೇ ಹೆಚ್ಚು, ಇಲ್ಲಿಯೇ ಒಂದು ಕೊಳ್ಳು ಎಂದರೆ ಕೇಳಲಿಲ್ಲ. "ಅವ್ವ, ಇದರ ಕೂಡ ಕೆಲಸಾ ಕಲತೇನಿ, ಇದಕ್ಕ ನನ್ನ ಕೈ ಗೊತ್ತು" ಅಂದಳು. ಎತ್ತಿನ ಬಗ್ಗೆ ನಮ್ಮ ಅಪ್ಪ ಹಾಗೆ ಮಾತಾಡುತ್ತಿದ್ದ.

ಆದ್ದರಿಂದ ಅದರ ಮೇಲೆ ತಾಡಪತ್ರಿ ಹೊದಿಸಿ. ಯಾರೂ ಮುಟ್ಟದಂತೆ ನೋಡಿಕೊಳ್ಳಿ. ಮತ್ತು ನಿಮ್ಮ ಮನೆಯ ಹನಿಯನ್ನು ನಾನು ಮುಟ್ಟುವುದಿಲ್ಲ, ನನ್ನ ಮಗಳೂ ಮುಟ್ಟುವುದಿಲ್ಲ. ಅವಳ ಗಾಡಿಗೂ ಏನನ್ನೂ ಕೊಡಬೇಡಿ.

ಶೇವಂತೆವ್ವನವರು ಆರೋಗ್ಯವೇ?

ಹುಲಿಗೆವ್ವ

*

ಝಳಕಿ
25 ಜೂನ್ 2025

ಅಕ್ಕಾವರಿಗೆ,

ಒಡಹುಟ್ಟಿದ ತಮ್ಮಗ 'ನೀವು' ಅಂತ ಬರದಿಯಲ್ಲ, ಚಪ್ಲಿಲೆ ಹೊಡದಿದ್ರ ಇಷ್ಟ ನೋಯ್ತಿದ್ದಿಲ್ಲ. ಶೇವಂತಿ ಓದಿಸಿ ಕೇಳಿ, "ನೀವು ಹುಟ್ಟಿದಮ್ಯಾಲ ನಿಮಗ ಮರ್ಯಾದಿ ಕೊಟ್ಟಾವರು ಇವರೊಬ್ಬರ" ಅಂದ್ಳು. ಆಕಿ ಆರಾಮ ಅದಾಳ.

ತಾಡಪತ್ರಿ ಹೊಚ್ಚೇನಿ. ಆದ್ರ ಪ್ರಜ್ಞಾ ಫೋನ್ ಮಾಡಿ, "ಬ್ಯಾಟರಿ ಪೂರಾ ಇಳದ್ರ ಕೆಡತೈತ್ರಿ ಮಾಮಾ, ಎಲ್ಲ್ಯರ ಚಾರ್ಜಿಗೆ ಹಚ್ರಿ" ಅಂದ್ಳು. ಗಿರಣಿ ಬಾಬುಲಾಲಗ ಕಾರ ಹೊಡಿಯಾಕ ಬರತೈತಿ. ಇಬ್ರೂ ಕೂಡಿ ಹೈವೇ ಹೋಟೆಲಿಗಿ ಒಯ್ದಿವಿ. ಅಲ್ಲಿ ಗಾಡಿಗೆ ಕರೆಂಟು ತುಂಬೂ ಯಂತ್ರ ಐತಿ, ಆನಿ ಸೊಂಡಿಲಿನಂಥಾ ವೈರು. ಹಿಡದು ಒತ್ತಿದ್ರ ಹೋಗವಲ್ತು! ನಮ್ಮ ದೇಶದ ಗಾಡಿ ಬಾಯಿ ಒಂದ ನಮೂನಿ, ಜಪಾನದ್ದು ಒಂದ ನಮೂನಿ. ಹೋಟೆಲಿನವ, "ಇದು ನಮ್ಮಲ್ಲಿ ಉಣ್ಣಂಗಿಲ್ಲ, ಮನ್ಯಾಗ ಹಗೂರಕ ಉಣಸ್ರಿ" ಅಂದು ಕೈ ಝಾಡಿಸಿದ.

ಡಿಕ್ಕಿಯೊಳಗ ಒಂದ ಡಬ್ಬಿ ಇದ್ದ ವೈರು ಐತಿ. ಮನಿ ಬಟನ್ ಬೋರ್ಡಿಗೆ ಹಚ್ಚಿದ್ರ ಒಂದ ರಾತ್ರಿ ಹಿಡಿತೈತಂತ. ಏನೂ ಕೊಡಬ್ಯಾಡ ಅಂದಿದ್ದಿ. ಕರೆಂಟು ಕೊಟ್ಟಂಗ ಆಕೈತೊ ಇಲ್ಲೊ ಅಂತ ವಿಚಾರ ಮಾಡಿ, ಇಲ್ಲ ಅಂತ ನಾನ ತೀರ್ಪು ಕೊಟ್ಟು ನಮ್ಮ ಪಡಸಾಲ್ಯಾಗ ಹಚ್ಚಿದ್ನಿ.

ಡಬ್ಬಿ ಮ್ಯಾಲ ಕೆಂಪ ದೀಪ ಹತ್ತಿತು. ತಗದು ಹಚ್ಚಿದ್ನಿ, ಕೆಂಪ. ಒರಸಿ ಹಚ್ಚಿದ್ನಿ, ಕೆಂಪ. ಅದ ಬಟನ್ನಿನ್ಯಾಗ ಫ್ಯಾನ್ ತಿರಗತೈತಿ, ಟಿವಿ ಹಾಡತೈತಿ, ಗಾಡಿ ಮಾತ್ರ ಒಲ್ಲೆ ಅಂತೈತಿ. ಶೇವಂತಿ ಮಾರಿ ಸಣ್ಣದಾತು. "ಅಕ್ಕಾವರ ಆಣಿ ತಂತಿಯೊಳಗ ಹೊಕ್ಕೈತ್ರಿ" ಅಂದ್ಳು.

ಬಾಬುಲಾಲನ ಗಿರಣಿಗಿ ಒಯ್ದು ಹಚ್ಚಿದ್ವಿ. ಹಚ್ಚಿದ ಕೂಡಲೆ ಹಸರ! ಗಾಡಿ ಸುಮ್ಮನ ಕುಡಿಯಾಕತ್ತಿತು, ತಾಯಿ ಹಂತ್ಯಾಕ ಬಿಟ್ಟ ಕರುವಿನಂಗ. ಒಂದ ಊರು, ಒಂದ ಕಂಬ, ಒಂದ ಕರೆಂಟು. ಅವನ ಮನಿದು ನಡಿತೈತಿ, ನಮ್ಮ ಮನಿದು ನಡಿಯಂಗಿಲ್ಲ.

ಅಕ್ಕ, ಚ್ಯಾಷ್ಟಿ ಬಿಟ್ಟು ಕೇಳತೇನಿ. ಗಾಡಿಗೂ ಆಣಿ ಹಾಕಿ ಏನು?

ಧರೆಪ್ಪ

*

ತಂಗಡಗಿ
3 ಜುಲೈ 2025

ಧರೆಪ್ಪನವರಿಗೆ,

ಬೇಡವೆಂದ ಮೇಲೂ ಹಚ್ಚಿದಿರಿ. ಚಿಕ್ಕಂದಿನಿಂದ ನೀವು ಹೀಗೆಯೇ.

ನಾನು ಗಾಡಿಗೆ ಆಣೆ ಹಾಕಿಲ್ಲ. ನನಗೆ ಆ ವಿದ್ಯೆ ಬರುತ್ತಿದ್ದರೆ ಮೊದಲು ನಿಮ್ಮ ನಾಲಿಗೆಗೆ ಹಾಕುತ್ತಿದ್ದೆ. ಪ್ರಜ್ಞಾಳನ್ನು ಕೇಳಿದೆ, ಬಿದ್ದು ಬಿದ್ದು ನಕ್ಕಳು. ನಿಮ್ಮ ಮನೆಯ ತಂತಿ ನೆಲಕ್ಕೆ ಕೂಡಿಲ್ಲವಂತೆ. ಫ್ಯಾನು, ಟಿವಿ ಅದನ್ನು ಕೇಳುವುದಿಲ್ಲ. ಈ ಗಾಡಿ ಕೇಳುತ್ತದೆ. ಭೂಮಿಗೆ ಹೊಂದದ ಮನೆಯ ಕರೆಂಟನ್ನು ಅದು ಮುಟ್ಟುವುದಿಲ್ಲ, ಮುಟ್ಟಿದರೆ ಯಾರಿಗಾದರೂ ಹೊಡೆದೀತು ಎಂಬ ಕಾಳಜಿ. ಗಿರಣಿಯಲ್ಲಿ ದೊಡ್ಡ ಮೋಟಾರು ಇರುವುದರಿಂದ ಬಾಬುಲಾಲರು ನೆಲದೊಳಗೆ ಸರಿಯಾಗಿ ತಂತಿ ಇಳಿಸಿದ್ದಾರೆ, ಅಷ್ಟೇ.

ಇದನ್ನು ಇಲ್ಲಿಗೇ ಮುಗಿಸಬೇಕೆಂದಿದ್ದೆ. ಆದರೆ ಪಕ್ಕದ ಮನೆಯ ಅಬಿದಾ ಬಂದಳು. ಅವಳ ಗಂಡ ಆಲಮಟ್ಟಿಯ ವಿದ್ಯುತ್ ಮನೆಯಲ್ಲಿ ಕೆಲಸಕ್ಕಿದ್ದಾನೆ, ಅವಳು ಇಲ್ಲಿ ಟಂಟಂ ರಿಕ್ಷಾ ಓಡಿಸುತ್ತಾಳೆ. ನಾನು ಸುಮ್ಮನೆ ಕೇಳಿದೆ, ಕರೆಂಟು ಎಲ್ಲಿಂದ ಬರುತ್ತದವ್ವ ಎಂದು. "ಏನ್ ಟೀಚರ್ ಬಾಯಾರ, ದಿನಾ ಕಣ್ಣ ಮುಂದ ಹರಿತೈತಿ, ನನ್ನ ಕೇಳತೀರಿ?" ಅಂದಳು. ಮೇಲೆ ಅಣೆಕಟ್ಟಿನಲ್ಲಿ ನಮ್ಮ ಕೃಷ್ಣೆ ಮನೆಯಷ್ಟು ಎತ್ತರದ ಚಕ್ರಗಳನ್ನು ತಿರುಗಿಸಿ, ಆಮೇಲೆ ಏನೂ ಆಗದವಳ ಹಾಗೆ ಇಳಿದು ನಮ್ಮೂರಿಗೆ ಬರುತ್ತಾಳಂತೆ.

ಸಂಜೆ ಹೊಳೆಯ ಕಡೆ ಹೋದೆ. ಕೆಳಗೆ ಇಳಿಯಲಿಲ್ಲ, ಮೇಲಿನ ಕಟ್ಟೆಯ ಮೇಲೇ ಕುಳಿತೆ. ಹೊಸ ನೀರು ಬಂದಿದೆ, ಕೆಂಪಗೆ, ದಂಡೆಯಿಂದ ದಂಡೆಗೆ. ಇದೇ ನೀರಿನಲ್ಲಿ ಬಟ್ಟೆ ಒಗೆದೆ, ಇದೇ ನೀರಿನಲ್ಲಿ ನನ್ನ ಯಜಮಾನರ ಬೂದಿ ಬಿಟ್ಟೆ. ಅದು ಹೊಲ ಗುಡ್ಡ ದಾಟಿ ಝಳಕಿಯ ಗಿರಣಿಯವರೆಗೆ ಹೋಗಿ ನನ್ನ ಮಗಳ ಗಾಡಿಯ ಹೊಟ್ಟೆ ತುಂಬಿಸಿತೇ? ಒಯ್ದ ಕುರುಹೂ ನೀರಿನ ಮೇಲೆ ಇರಲಿಲ್ಲ. ಕತ್ತಲಾಗುವವರೆಗೆ ನೋಡುತ್ತ ಕುಳಿತೆ.

ಇದನ್ನೆಲ್ಲ ನಿಮಗೆ ಬರೆಯಬೇಕಾಗಿರಲಿಲ್ಲ.

ಹುಲಿಗೆವ್ವ

*

ಝಳಕಿ
14 ಜುಲೈ 2025

ಅಕ್ಕ,

ನಿನ್ನ ಕಾಗದ ಬಂದ ಮರುದಿನ ಇಂಡಿಯಿಂದ ಶಹಾಬುದ್ದೀನ ಮಿಸ್ತ್ರಿನ್ನ ಕರಸಿದ್ನಿ. ಮನಿ ಹಿಂದ ನನ್ನ ಎದಿಮಟ ತಗ್ಗ ತೋಡಿಸಿದ. ತಾಮ್ರದ ಪಟ್ಟಿ ಇಳಿಸಿ, ಮ್ಯಾಲ ಇದ್ದಲಿ, ಉಪ್ಪು, ಮತ್ತ ಇದ್ದಲಿ, ಮತ್ತ ಉಪ್ಪು ಹಾಕಿದ. "ಇದೇನ ಉಪ್ಪಿನಕಾಯಿ ಹಾಕಾಕತ್ತಿ ಏನೋ?" ಅಂದ್ನಿ. "ಹೌದ್ರಿ, ಚೊಲೊತ್ನಾಗಿ ನೀರು ಹಾಕ್ರಿ, ಒಣಗಿದ್ರ ಹುಳುಕ ಆಕೈತಿ" ಅಂದ. ದಿನಾ ಮುಂಜಾನೆ ಎರಡ ಕೊಡ ಸುರವತೇನಿ. ಶೇವಂತಿ, "ತುಳಸಿಗೂ ಇಷ್ಟ ಭಕ್ತಿಲೆ ಹಾಕಿದಾವರಲ್ಲ" ಅಂತಾಳ.

ಪ್ರಜ್ಞಾ ಬಂದಾಳ. ನಂಬರ್ ಪ್ಲೇಟ್ ಸೈತ ಆಗೇತಿ. ತಾನ ನಮ್ಮ ಪಡಸಾಲ್ಯಾಗ ವೈರು ಹಚ್ಚಿದ್ಳು. ನಾ ಕಣ್ಣ ಮುಚಗೊಂಡಿದ್ನಿ. "ಮಾಮಾ, ಕಣ್ಣ ತಗೀರಿ" ಅಂದ್ಳು. ಹಸರ! ಅಕ್ಕ, ನನ್ನ ಸ್ವಂತ ಮನ್ಯಾಗ ಹಸರ. ಶೇವಂತಿ ಅತ್ತಬಿಟ್ಳು.

ಗಾಡಿ ಉಂಡಿತು. ಗಾಡಿಯಾಕಿ ಉಣಲಿಲ್ಲ. "ಅವ್ವನ ಆಣಿ ಐತ್ರಿ ಮಾಮಾ" ಅಂತ ಬಾಬುಲಾಲನ ಮನಿಗೆ ಹೋಗಿ ನೀರ ಕುಡದು ಬಂದ್ಳು. ನಾ ಎತ್ತಿ ಆಡಿಸಿದ ಹುಡುಗಿ.

ಮುಂಜಾನೆ ನನ್ನ ಕುಂಡ್ರಿಸಿಕೊಂಡು ಹೊಂಟ್ಳು. ಹೊಲದ ಬಾಜೂಕ ಹೋಗೂದ್ರಾಗ ನವಿಲು ಕೂಗಿದ್ದು ಕೇಳಿತು, ನಿಂಬಿ ತ್ವಾಟದಾಗ ಹೆಣ್ಮಕ್ಕಳು ಮಾತಾಡೂದ ಕೇಳಿತು. ಇಷ್ಟ ವರ್ಷ ಅದ ರಸ್ತೆದಾಗ ಬೈಕ್ ಹೊಡದೇನಿ, ಅಲ್ಲಿ ನವಿಲು ಅದಾವ ಅಂತ ಗೊತ್ತ ಇದ್ದಿಲ್ಲ. ಇಳಿಜಾರಿನ್ಯಾಗ ಆಕಿ ಕಾಲ ತಗದ್ರ, ಮುಂದಿನ ಕಾಜಿನ ಮ್ಯಾಲ ಕರೆಂಟಿನ ಲೆಕ್ಕ ಏರಾಕತ್ತಿತು! "ಇಳಿಯೂ ಮುಂದ ತಾನ ದುಡಕೋತೈತ್ರಿ" ಅಂದ್ಳು. ನನ್ನ ಬೈಕ್ ಇಳಿಯೂ ಮುಂದನೂ ತಿಂತೈತಿ, ಏರೂ ಮುಂದನೂ ತಿಂತೈತಿ.

ಅಕ್ಕ, ಈ ಸಲ ಪಂಚಮಿಗೆ ನಾ ಬರತೇನಿ, ಕರಿಯಾಕ, ಇದ ಗಾಡ್ಯಾಗ. ಇದು ದಾರ್ಯಾಗ ನಿಂತ ನಿಂತ ಉಣ್ಣಬೇಕು. ಬಸ್ಸು ಅರ್ಧ ದಿನದಾಗ ಬಿಡೂ ದಾರಿಗಿ ನಮಗ ಮೂರ ದಿನ ಆಗಬಹುದು. ಆದ್ರ ಬರತೇನಿ. ಬ್ಯಾಡ ಅಂದ್ರ ಕಾಗದ ಹಾಕು, ತಲುಪೂದ್ರಾಗ ಹೊಂಟಿರ್ತೇನಿ.

ಧರೆಪ್ಪ

*

ತಂಗಡಗಿ
19 ಜುಲೈ 2025

ಧರೆಪ್ಪನಿಗೆ,

ಬಂದರೆ ಬನ್ನಿ. ಬಾಗಿಲು ಹಾಕಿರುವುದಿಲ್ಲ. ಕರೆದರೆ ಹೊರಡುತ್ತೇನೆ ಎಂದು ಮಾತ್ರ ನಾನು ಹೇಳಿಲ್ಲ.

ಆ ಗಾಡಿಯ ಬಾಗಿಲು ನೆಲದಿಂದ ಎಷ್ಟು ಎತ್ತರವಿದೆ? ಸುಮ್ಮನೆ ಕೇಳಿದೆ.

ಹುಲಿಗೆವ್ವ

*

ಮುದ್ದೇಬಿಹಾಳ
27 ಜುಲೈ 2025, ಮಧ್ಯಾಹ್ನ

ಅಕ್ಕ,

ಈ ಕಾಗದ ತಂಗಡಗಿ ಬಸ್ಸಿನ ಕಂಡಕ್ಟರ್ ಕೈಯಾಗ ಕೊಡಾಕತ್ತೇನಿ. ನಾವು ಮುದ್ದೇಬಿಹಾಳದಾಗ ಮಂಜೂರನ ಗಿರಣಿ ಮುಂದ ನಿಂತೇವಿ. ಗಾಡಿ ಖಾಲಿ ಆಗೇತಿ.

ಮೊನ್ನೆ ಹೊಂಟಿವಿ. ಇಂಡಿ ದಾಟಿ ಸಿಂದಗ್ಯಾಗ ಒಂದ ಗಿರಣ್ಯಾಗ ವಸ್ತಿ ಮಾಡಿದ್ವಿ. ನಿನ್ನೆ ಬಸವನ ಬಾಗೇವಾಡಿ ಕಡೆ ಬರೂ ಮುಂದ ಗಾಳಿ ಯಂತ್ರ ಕಂಡುವು ಅಕ್ಕ, ಗುಡ್ಡದ ತುಂಬ, ಮೋಡದಾಗ ತೋಳ ತಿರವತಾವು. "ನೋಡ್ರಿ ಮಾಮಾ, ನಮ್ಮ ಬುತ್ತಿ ಅಲ್ಲಿ ಬೇಯಾಕತ್ತೈತಿ" ಅಂದ್ಳು ನಿನ್ನ ಮಗಳು. ಹೊಳಿ ದುಡಿತೈತಿ, ಗಾಳಿ ದುಡಿತೈತಿ, ನಾ ಒಬ್ಬ ಖಾಲಿ ಕುಂತ ಬಂದೇನಿ.

ಸಂಜಿಗೆ ಇಂಗಳೇಶ್ವರದಾಗ ಶೇವಂತಿಯ ಸಂಗಣ್ಣ ಕಾಕಾನ ಮನಿಗಿ ಹೋದಿವಿ. ಕಾಕಾಗ ದಮ್ಮು. ಮಷಿನ್ನಿನಿಂದ ನಳಗಿ ಮೂಗಿಗೆ ಹಾಕ್ಯಾರ, ಅದು ಕರೆಂಟಿನ ಮ್ಯಾಲ ನಡಿತೈತಿ. ಗಾಡಿ ಹಚ್ಚೂದಕ್ಕ ಒಂದ ಗಳಿಗಿ ಮದಲ ಬಿರುಗಾಳಿ ಬಂದು ಕಂಬ ಬಿತ್ತು. ಊರೆಲ್ಲಾ ಬಂದ್. ಮಷಿನ್ ನಿಂತಿತು. ಕಾಕಾ ದಂಡಿಗೆ ಬಿದ್ದ ಮೀನಿನಂಗ ಬಾಯಿ ತಗದ. ಮನಿಮಂದಿ ಅಳಾಕ ಹತ್ತಿದ್ರು. ನಾ ಜೋಕ್ ಮಾಡೂ ಮನಶ್ಯಾ, ಟಾವೆಲ್ಲಿಲೆ ಗಾಳಿ ಹಾಕಾಕ ಹತ್ತಿದ್ನಿ.

ಪ್ರಜ್ಞಾ ಓಡಲಿಲ್ಲ, ಚೀರಲಿಲ್ಲ. ಗಾಡಿನ್ನ ಕಿಡಕಿ ಹಂತ್ಯಾಕ ತಂದ್ಳು. ಡಿಕ್ಕಿಯಿಂದ ಬ್ಯಾರೆ ಒಂದ ಪೆಟ್ಟಿಗಿ ತಗದು ಗಾಡಿ ಬಾಯಿಗಿ ಹಚ್ಚಿ, ಅದರಿಂದ ವೈರು ಕಿಡಕ್ಯಾಗ ಬಿಟ್ಟು ಮಷಿನ್ನಿಗೆ ಹಚ್ಚಿದ್ಳು. ಮಷಿನ್ ಗುರ್ ಅಂತು. ಅಕ್ಕ, ಉಣ್ಣೂ ಗಾಡಿ ಉಣಸಾಕತ್ತಿತು! ನಿನ್ನ ಹೊಳಿ ನೀರು ನಮ್ಮ ಪಡಸಾಲ್ಯಾಗ ಹತ್ತಿ, ಇಂಗಳೇಶ್ವರದ ಮುದುಕನ ಮೂಗಿನ್ಯಾಗ ಉಸರ ಆಗಿ ಹೋಗಾಕತ್ತಿತು. ಕಾಕಾನ ಮಾರಿ ಬಣ್ಣ ಹೊಳ್ಳಿತು. ಕಣ್ಣ ತಗದು, "ಯಾರ ಮಗಳವ್ವ ನೀ?" ಅಂದ. "ತಂಗಡಗಿ ಹುಲಿಗೆವ್ವನ ಮಗಳ್ರೀ" ಅಂದ್ಳು. ನಾ ಹೊರಗ ಹೋಗಿ ಗ್ವಾಡಿಗೆ ಮಾರಿ ಮಾಡಿ ನಿಂತ್ನಿ.

ಬೆಳಕ ಹರಿಯೂತನ ಕೊಟ್ಟಿವಿ. ಕಂಬ ನಿಲ್ಲಿಸಿದ ಮ್ಯಾಲ ಹೊಂಟಿವಿ. ಉಳದಿದ್ದು ಇಲ್ಲಿಮಟ ಬಂತು. ಇಲ್ಲಿ ವೋಲ್ಟೇಜ್ ಇಲ್ಲ, ನಿನ್ನ ಕಡೆ ಬಂದು ಹೊಳ್ಳಿ ಹೋಗೂ ಅಷ್ಟ ತುಂಬಬೇಕಂದ್ರ ನಾಳೆ ಸಂಜಿ ಆಕೈತಿ. ನಾಡದ ಪಂಚಮಿ. ಝಳಕಿ ಮುಟ್ಟೂದ್ರಾಗ ಹಬ್ಬ ಮುಗದಿರತೈತಿ.

ನಾ ಒಬ್ಬನ ಬಸ್ಸಿಗೆ ಬಂದ್ರ ನಿನ್ನ ಬಸ್ಸಿನ್ಯಾಗ ಕರಕೊಂಡು ಹೋಗಬೇಕು. ಅದಕ್ಕ ಬರವಲ್ಲೆ. ನೀ ಬಾ ಅಂತನೂ ಬರಿಯಂಗಿಲ್ಲ. ಈ ಸಲನೂ ಕರಿಯೂದು ತಪ್ಪಿತು ಅಂತ ತಿಳಸಾಕ ಬರದೇನಿ.

ಗಾಡಿ ಬಾಗಲಾ ನನ್ನ ಮಣಕಾಲಕಿಂತ ತೆಳಗ ಐತಿ. ಯಾಕ ಕೇಳಿದ್ದಿ?

ಧರೆಪ್ಪ

*

ತಂಗಡಗಿ
27 ಜುಲೈ 2025, ಸಂಜೆ

ತಮ್ಮ ಧರೆಪ್ಪ,

ಕಂಡಕ್ಟರ್ ಕಾಗದ ಕೊಟ್ಟ. ನಿಂತಲ್ಲೇ ಓದಿದೆ, ಆಮೇಲೆ ಅಬಿದಾಳಿಗೂ ಓದಿ ಹೇಳಿದೆ. ಅದೇ ಬಸ್ಸು ಹೊಳ್ಳಿ ಹೋಗುವ ಮೊದಲು ಉತ್ತರ ಬರೆಯಬೇಕು, ಪುಸ್ತಕದ ಕನ್ನಡ ಹುಡುಕಲು ಪುರುಸೊತ್ತಿಲ್ಲ.

ಯಾಕ ಕೇಳಿದ್ನಿ ಅಂತ ಹೇಳತೇನಿ. ಆ ವರ್ಷ ಪಂಚಮಿ ಮುಂದ ನೀ ಫೋನ್ ಮಾಡಿದಿ ನೋಡು, ಅವತ್ತ ಮುಂಜಾನೆ ನಾ ಸಂತಿಗೆ ಹೋಗಾಕ ಬಸ್ ಹತ್ತಾಕ ಹೋಗಿದ್ನಿ. ಮೆಟ್ಟಲಾ ಎತ್ತರ. ಮಣಕಾಲ ಏಳಲಿಲ್ಲ. ಕಂಬಿ ಹಿಡದು ಜೋತು ಬಿದ್ದೆ, ಹಿಂದಿನಾವರು "ಲಗೂ ಹತ್ತ ಮುದುಕಿ" ಅಂತ ದಬ್ಬಿದ್ರು. ಬಸ್ ಹೋತು, ನಾ ಧೂಳಾಗ ಕುಂತಿದ್ನಿ. ಮನಿಗೆ ಬಂದು ಕಣ್ಣ ಒರಸಿಕೊಳ್ಳೂದ್ರಾಗ ನೀ, ಬಸ್ ಫ್ರೀ ಐತಿ, ಹತ್ತಿ ಬಾ ಅಂದಿ. ನಿನಗೇನ ಗೊತ್ತು? ನಾನೂ ಹೇಳಲಿಲ್ಲ. ಕಾಲ ಬಿದ್ದಾವ ಅಂತ ಹೇಳೂದಕಿಂತ ಸಿಟ್ಟ ಬಂದೈತಿ ಅಂತ ಹೇಳೂದು ಹಗೂರ ಇತ್ತು. ಪ್ರಜ್ಞಾಗೂ ಹೇಳಿಲ್ಲ. ಇನ್ನ ಮ್ಯಾಲ ಮುದುಕರ ಕಾಲ ಒತ್ತೂ ಮಗಳ ಮುಂದ ನಾನೂ ಕುಂಟಕೊಂತ ನಡದು ತೋರಿಸಬೇಕಲ್ಲ.

ಆಣಿ ನಾ ಮಾಡಿದ್ದು, ನಾನ ಬಿಟ್ಟೆ. ಪ್ರಜ್ಞಾಗ ಹೇಳು, ಮಾಮಾನ ಕೈಲೆ ಉಣ್ಣು ಅಂತ.

ನಿನ್ನ ಗಾಡಿ ನಾಳೆ ಬರೂದ ಬ್ಯಾಡ. ಮೂರ ದಿನ ದಾರಿ ಸವಿಸಿ ಬಂದಿ, ಉಳದ ದಾರಿ ನಾ ಬರತೇನಿ. ಅಬಿದಾ ಟಂಟಂ ಹೊರಗ ತಂದು ನಿಲ್ಲಿಸ್ಯಾಳ, ಅದರ ಪಾವಟಿಗಿ ನನ್ನ ಕಾಲಿಗೆ ಎಟಕತೈತಿ. ಎಳ್ಳ ಉಂಡಿ, ಸೇಂಗಾ ಉಂಡಿ ಕಟ್ಟಿಟ್ಟಿದ್ನಿ. ಯಾರಿಗಿ ಅಂತ ಕೇಳಬ್ಯಾಡ. ಪಂಚಮಿ ಮುದ್ದೇಬಿಹಾಳದ ಗಿರಣಿ ಕಟ್ಟಿ ಮ್ಯಾಲ ಮಾಡಿದ್ರ ನಾಗಪ್ಪೇನ ಸಿಟ್ಟಾಗೂದಿಲ್ಲ. ಅಲ್ಲಿಂದ ಝಳಕಿಗೆ ಯಾವಾಗ ಮುಟ್ಟತೇವೊ ಮುಟ್ಟೋಣು.

ಮಂಜೂರಗ ಒಂದ ಮಾತ ಹೇಳು. ವೋಲ್ಟೇಜ್ ಇಲ್ಲ ಅಂತ ಓಡ್ಯಾಡಬ್ಯಾಡ, ಗಾಡಿ ಹಗೂರಕ ತುಂಬ್ಲಿ. ಎರಡ ವರ್ಷದ ಮಾತು ಉಳದಾವು ಧರೆಪ್ಪ, ಮುಗಿಯೂತನ ಹಸರ ದೀಪ ಹತ್ತೇ ಇರ್ಲಿ.

ನಿಮ್ಮಕ್ಕ
ಹುಲಿಗೆವ್ವ